ಕೊಡಲಿ ಹೊತ್ತು ಹೊರಟ ಚಾರಣಿಗರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಚಾರಣಿಗ ಗೆಳೆಯರೇ,

ಹಳೇಬೀಡು ನೋಡಿಕೊಂಡು ಬೇಲೂರಿಗೆ ಬರುತ್ತೀರಿ. ಚೆನ್ನಕೇಶವನ ಬಾಗಿಲಲ್ಲಿ ಹುಲಿಗೆ ಇರಿಯುತ್ತಿರುವ ಸಳನ ಶಿಲ್ಪದ ಪಕ್ಕ ಫೋಟೊ ತೆಗೆಸಿಕೊಂಡು ಕುಮಾರಪರ್ವತಕ್ಕೆ ಹೊರಡುತ್ತೀರಿ. ಬ್ಯಾಗಿಗೆ ಕಟ್ಟಿದ ಹೊಸ ಕೊಡಲಿ, ಮೊಳದುದ್ದದ ಚಾಕು ಎಲ್ಲರಿಗೂ ಕಾಣುತ್ತಿರುತ್ತವೆ. ಈ ಪತ್ರ ಅವುಗಳ ಬಗ್ಗೆ.

ಮೊದಲು ಕೆಲಸ ಯಾವುದೆಂದು ನೋಡಿ, ಆಮೇಲೆ ಹತಾರ ಆರಿಸಿ. ಅರಸೀಕೆರೆಯಲ್ಲಿ ಎಳನೀರು ಕೆತ್ತುವವರಿಗೆ ಭಾರದ ಮಚ್ಚು ಬೇಕು. ಅರ್ಧ ಕೆಲಸ ಆ ಭಾರದ್ದೇ. ಬೇಲೂರಿನ ಕಾಫಿ ತೋಟದಲ್ಲಿ ಮರಗಸಿ ಮಾಡುವವರು ಕೊಂಬೆ ಹಿಡಿದು ಒಂದೇ ಕೈಯಲ್ಲಿ ಬೀಸಬೇಕು. ಅವರಿಗೆ ಹಗುರವಾದ ಕತ್ತಿಯೇ ಸರಿ. ನಿಮಗಿರುವುದು ಹಗ್ಗ ಕೊಯ್ಯುವ, ಸೌತೆಕಾಯಿ ಹೆಚ್ಚುವ, ಬ್ಯಾಂಡೇಜು ಕತ್ತರಿಸುವ ಕೆಲಸ. ಮೂರು ಇಂಚಿನ ಅಲಗು ಧಾರಾಳವಾಯಿತು.

ಕೊಳ್ಳುವುದಾದರೆ ಕುಲುಮೆಗೆ ಹೋಗಿ. ನುರಿತ ಕಮ್ಮಾರ ಕೆಂಪಗೆ ಕಾದ ಅಲಗಿನ ಬಾಯಿಯನ್ನಷ್ಟೇ ನೀರಿಗೆ ಅದ್ದುತ್ತಾನೆ. ಬಾಯಿ ಗಟ್ಟಿಯಾಗುತ್ತದೆ, ಬೆನ್ನು ಮೆತ್ತಗೆ ಉಳಿಯುತ್ತದೆ. ಹಾಗಾಗಿ ಧಾರೆಯೂ ನಿಲ್ಲುತ್ತದೆ, ಅಲಗೂ ಸುಲಭಕ್ಕೆ ಮುರಿಯುವುದಿಲ್ಲ. ಅಲಗಿನ ಕಬ್ಬಿಣ ಹಿಡಿಯ ಕೊನೆಯವರೆಗೂ ಹೋಗಿದೆಯೇ ನೋಡಿ. ಮಡಚುವ ಚಾಕಾದರೆ ಬಿಚ್ಚಿದಾಗ ಬಿಗಿಯಾಗಿ ನಿಲ್ಲಬೇಕು. ಮಸೆದೇ ಇಟ್ಟುಕೊಳ್ಳಿ, ಮೊಂಡು ಚಾಕು ಜಾರಿ ಕೈಗೇ ಬರುತ್ತದೆ. ಘಟ್ಟದ ಮಳೆಗೆ ತುಕ್ಕು ಹಿಡಿಯದಂತೆ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ.

ಇನ್ನು ಕೊಡಲಿ. ಅದರ ಕೆಲಸ ಸೌದೆ ಒಡೆಯುವುದು. ಕುಮಾರಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ. ಅಲ್ಲಿ ನಿಮಗೆ ಕಡಿಯಲು ಮರವಿಲ್ಲ, ಒಲೆ ಹೂಡಲು ಜಾಗವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಧಾಮದೊಳಗೆ ಆಯುಧ ಒಯ್ಯುವಂತಿಲ್ಲ. ಆ ಕಾಯ್ದೆ ಹೇಳುವ ಆಯುಧಗಳಲ್ಲಿ ಚಾಕುವೂ ಸೇರಿದೆ. ಆದ್ದರಿಂದ ಸಣ್ಣ ಚಾಕಿದ್ದರೂ ಮುಚ್ಚಿಡದೆ ಅರಣ್ಯ ಇಲಾಖೆಯ ಗೇಟಿನಲ್ಲಿ ತೋರಿಸಿ. ಬೇಡವೆಂದರೆ ಅಲ್ಲೇ ಬಿಟ್ಟು ಹೋಗಿ.

ಕರಡಿ ಬಂದರೆ ಎಂಬ ಭಯ ನಿಮಗಿದೆ, ಗೊತ್ತು. ಅರಸೀಕೆರೆಯ ಗುಡ್ಡಗಳಲ್ಲಿ ಕರಡಿಯೂ ಇದೆ, ಚಿರತೆಯೂ ಇದೆ. ಅಲ್ಲಿ ದನ ಮೇಯಿಸುವವರು ಮಾತಾಡುತ್ತಾ, ಕೂಗು ಹಾಕುತ್ತಾ ನಡೆಯುತ್ತಾರೆ. ಮನುಷ್ಯರ ಸದ್ದು ದೂರದಿಂದಲೇ ಕೇಳಿದರೆ ಕರಡಿ ಸಾಮಾನ್ಯವಾಗಿ ದಾರಿ ಬಿಡುತ್ತದೆ. ಹಠಾತ್ತನೆ ಎದುರಾದರೆ ಮೇಲೆ ಬೀಳುತ್ತದೆ. ಚಾಕುವಿಗೆ ಎಟಕುವಷ್ಟು ಹತ್ತಿರ ಅದು ಬಂದಿದ್ದರೆ ಕಾಲ ಮೀರಿದೆ. ಮಬ್ಬುಗತ್ತಲಲ್ಲಿ ನಡೆಯಬೇಡಿ, ಗುಂಪು ಬಿಡಬೇಡಿ.

ದಯವಿಟ್ಟು ಆ ಕೊಡಲಿಯನ್ನು ಮನೆಯಲ್ಲೇ ಇಟ್ಟು ಬನ್ನಿ. ಆ ತೂಕಕ್ಕೆ ಇನ್ನೊಂದು ಬಾಟಲಿ ನೀರು ಹೊತ್ತುಕೊಳ್ಳಿ.

ಇತಿ ನಿಮ್ಮ ವಿಶ್ವಾಸಿ,
ಬೇಲೂರಿನವ