ಸೈಕಲ್ ಟ್ಯೂಬಿನ ಮಹಿಮೆ

ಸೈಕಲ್ ಟ್ಯೂಬಿನಲ್ಲಿ ಕಟ್ಟಿದರೆ ನಿಲ್ಲದ ವಸ್ತು ನಮ್ಮ ಸಾಗರದ ಕಡೆ ಇಲ್ಲ. ದೋಟಿಗೆ ಕತ್ತಿ, ಪಂಪ್‌ಸೆಟ್ಟಿಗೆ ಪೈಪು, ಬೈಕಿನ ಹಿಂದೆ ಬಾಳೆಗೊನೆ, ಎಲ್ಲಕ್ಕೂ ಅದೇ ಮದ್ದು. ಹಾಗಾಗಿ ಅಣ್ಣನ ಮಗ ರಜೆಗೆ ಬಂದವನು ಜಗಲಿಯ ಮೇಲೆ ಆಟದ ವಿಮಾನ ಹರವಿಕೊಂಡು ಅದರ ಮೂತಿಗೆ ಇಂಜಿನ್ ಕೂರಿಸತೊಡಗಿದಾಗ, ಇದು ನನ್ನ ಇಲಾಖೆ ಎಂದುಕೊಂಡು ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿದೆ.

ಆರೂವರೆ ಸಿಸಿಯ ಇಂಜಿನ್ನು, ಅಂಗೈಯಲ್ಲಿ ಹಿಡಿಯುವಷ್ಟು. ಕುಡಿಯುವುದು ಮೆಥನಾಲಿಗೆ ಹರಳೆಣ್ಣೆ ಬೆರೆಸಿದ ಇಂಧನ. ಒಮ್ಮೆ ಚಾಲೂ ಮಾಡಿ ನೋಡಿದ್ದೇ ತಡ, ಒಳಗಿನಿಂದ ಅಮ್ಮ, "ಯಾರಿಗೋ ಹೊಟ್ಟೆ ಕಟ್ಟಿದ್ದು?" ಎಂದಳು.

ಮೂತಿಯ ಪ್ಲೈವುಡ್ ಹಲಗೆಗೆ ನೈಲಾನ್ ಮೌಂಟು, ನಾಲ್ಕು ಬೋಲ್ಟು. ಮೌಂಟಿನ ಎರಡು ತೋಳುಗಳ ಮೇಲೆ ಇಂಜಿನ್ನಿನ ಕಿವಿಗಳು, ಅಲ್ಲಿ ಇನ್ನು ನಾಲ್ಕು. ಮೌಂಟಿನ ಎಡಬದಿಗೆ ಮಾತ್ರ ತೆಳು ವಾಷರು.

"ಸೊಟ್ಟಗಿದೆಯಲ್ಲೋ!"

"ಬೇಕಂತಲೇ, ಚಿಕ್ಕಪ್ಪ. ಫ್ಯಾನು ತಿರುಗೋ ರಭಸಕ್ಕೆ ವಿಮಾನ ಎಡಕ್ಕೆ ಎಳೀತದೆ. ಅದಕ್ಕೆ ಎರಡು ಡಿಗ್ರಿ ಬಲಕ್ಕೆ ಕೂರಿಸೋದು."

ಸೊಟ್ಟಗಿದ್ದುಕೊಂಡೇ ನೇರ ಹೋಗುವುದು ನಮ್ಮ ಘಟ್ಟದ ಬಸ್ಸು ಮಾತ್ರ ಅಂದುಕೊಂಡಿದ್ದೆ. ಸುಮ್ಮನಾದೆ. ಆದರೆ ಅವನು ಊಟಕ್ಕೆ ಎದ್ದ ಮೇಲೆ ಕೈ ಕೇಳಬೇಕಲ್ಲ! ಅದುರು ಕಮ್ಮಿಯಾಗಲಿ ಎಂದು ಕಿವಿಗಳ ಬೋಲ್ಟು ಬಿಚ್ಚಿ, ಅಡಿಗೆ ಟ್ಯೂಬಿನ ತುಂಡು ಕೊಟ್ಟು, ಹಲ್ಲು ಕಚ್ಚಿ ಬಿಗಿದೆ. ಕರಿ ಮೌಂಟಿಗೆ ಕರಿ ರಬ್ಬರು, ಯಾರಿಗೂ ಗೊತ್ತಾಗಲಿಲ್ಲ.

ಲಿಂಗನಮಕ್ಕಿ ಜಲಾಶಯ ತುಂಬಿದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮೇ ತಿಂಗಳಲ್ಲಿ ನೀರು ಇಳಿದಾಗ ಒಳಗೆ ಮುಳುಗಿರುವ ಹಳೆಯ ಮಡೆನೂರು ಅಣೆಕಟ್ಟೂ ತಲೆ ಎತ್ತುತ್ತದೆ. ದಂಡೆಯಲ್ಲಿ ಹುಲ್ಲು ಚಿಗುರಿದ ಬಯಲು. ಅದೇ ನಮ್ಮ ವಿಮಾನ ನಿಲ್ದಾಣ. ಇಂಜಿನ್ನು ನಿಮಿಷಕ್ಕೆ 12,000 ಸುತ್ತು ಕಿರುಚಿತು, ಅಂದರೆ ಸೆಕೆಂಡಿಗೆ 200. ವಿಮಾನ ಏರಿತು, ನೀರಿನ ಮೇಲೆ ಹೊರಳಿತು. ಆಮೇಲೆ ಗಡಗಡ ಸದ್ದು. ನೋಡನೋಡುತ್ತ ಇಂಜಿನ್ನೊಂದು ಕಡೆ, ವಿಮಾನವೊಂದು ಕಡೆ! ಮೂತಿಯ ಭಾರ ಹೋದ ವಿಮಾನ ಬಾಲ ಜಗ್ಗಿಕೊಂಡು, ಒಣಗಿದ ಹಲಸಿನೆಲೆಯ ಹಾಗೆ ತೂರಾಡುತ್ತ ದಂಡೆಗೆ ಬಿತ್ತು. ಇಂಜಿನ್ನು ನೀರಿಗೆ.

1964ರ ಲಿಂಗನಮಕ್ಕಿ ಅಣೆಕಟ್ಟಿಗೆ ಅಜ್ಜನ ತೋಟ ಹೋಗಿತ್ತು. ಇದು ನಮ್ಮ ಮನೆಯ ಎರಡನೇ ಮುಳುಗಡೆ.

ಕತ್ತಲಾಗುವ ಮೊದಲು ತಪ್ಪೊಪ್ಪಿಕೊಂಡೆ. ಹುಡುಗ ಬೈಯಲಿಲ್ಲ, ಪಾಠ ಮಾಡಿದ. ಅದು ಇನ್ನೂ ಕಷ್ಟ. ಬಿಗಿದ ಬೋಲ್ಟು ಎಳೆದ ಸ್ಪ್ರಿಂಗಿನ ಹಾಗಂತೆ, ಆ ಎಳೆತವೇ ಅದರ ಹಿಡಿತ. ಅಡಿಯಲ್ಲಿ ಮೆತ್ತನೆಯದಿದ್ದರೆ ಅದು ಕುಗ್ಗಿ ಎಳೆತ ಸಡಿಲಾಗುತ್ತದೆ, ಮಿಕ್ಕದ್ದನ್ನು ಅದುರು ನೋಡಿಕೊಳ್ಳುತ್ತದೆ. ಇಂಜಿನ್ನು ಮೌಂಟಿನ ಮೇಲೆ ನೇರವಾಗಿ ಕೂರಬೇಕು, ಬೋಲ್ಟಿಗೆ ಒಳಗೆ ನೈಲಾನ್ ಉಂಗುರವಿರುವ ನಟ್ಟು ಬೇಕು. ಲೋಹಕ್ಕೆ ಲೋಹ ಸೇರುವಲ್ಲಿ ಎಣ್ಣೆ ಒರೆಸಿ ಒಂದು ಹನಿ ನೀಲಿ ಲೋಕ್ಟೈಟ್. ಗಾಳಿಯಾಡದ ಕಡೆಯೇ ಅದು ಗಟ್ಟಿಯಾಗುವುದು. ಮೊದಲ ಹಾರಾಟ ಮುಗಿದ ಮೇಲೆ ಎಂಟನ್ನೂ ಮತ್ತೆ ಮುಟ್ಟಿ ನೋಡಬೇಕು.

ಹೊಸ ಇಂಜಿನ್ನು ಕೊಡಿಸಿದ್ದು ನಾನೇ. ಟ್ಯೂಬು ಈಗ ದೋಟಿಗೆ ಮಾತ್ರ.

ಮುಂದಿನ ಮೇ ತಿಂಗಳಲ್ಲಿ ಹಿನ್ನೀರಿನ ಕಡೆ ಬಂದಾಗ ಕೆಸರಲ್ಲಿ ಮುಷ್ಟಿಗಾತ್ರದ ಇಂಜಿನ್ನೊಂದು ಸಿಕ್ಕಿದರೆ ದಯವಿಟ್ಟು ಎತ್ತಿಡಿ. ಕಿವಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಕೊಂಡಿದ್ದರೆ ಅದು ನಮ್ಮದೇ.