ತೋಟದ ಗಾಡಿ, ಊರ ದಾರಿ

"ಇದಕ್ಕೆ ನಂಬರ್ ಪ್ಲೇಟೂ ಬ್ಯಾಡ, ಲೈಸೆನ್ಸೂ ಬ್ಯಾಡ ಕಣಣ್ಣ. ರೋಡ್ ಗಾಡಿ ಅಲ್ಲ, ತೋಟದ ಗಾಡಿ ಅಂತ ಕೊಡೋವಾಗ್ಲೇ ಹೇಳಿದ್ರು" ಅಂದ ಬೇಲಿಯಾಚೆಯ ತಮ್ಮ. ನಮ್ಮ ಮಾಡದಕೆರೆ ಸೀಮೆಗೂ ಎ.ಟಿ.ವಿ. ಬಂತು ಅನ್ನಿ. ದಪ್ಪ ಟಯರು, ಬೈಕಿನ ಹ್ಯಾಂಡಲ್ಲು, ನಾಲ್ಕು ಗಾಲಿ. ಹಿಂದಿನ ಕ್ಯಾರಿಯರಿಗೆ ಗೊಬ್ಬರದ ಚೀಲ ಬಿಗಿದು, ಬದು ಹತ್ತಿಸಿ, ತೆಂಗಿನ ಪಾತಿಗಳ ನಡುವೆ ತಿರುಗಿಸಿ ತೋರಿಸಿದ. ಟ್ರ್ಯಾಕ್ಟರ್ ನುಗ್ಗದ ಸಂದಿಯಲ್ಲೆಲ್ಲ ಅದು ಸಲೀಸಾಗಿ ನುಗ್ಗಿತು. ಆಳು ಸಿಗದ ಈ ಕಾಲಕ್ಕೆ ಒಳ್ಳೆಯ ಗಾಡಿಯೇ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅಂಗಡಿಯವರು ಹೇಳಿದ್ದು ಅರ್ಧ ಮಾತು. 1988ರ ಮೋಟಾರು ವಾಹನ ಕಾಯ್ದೆ ಕಾರ್ಖಾನೆಯೊಳಗೋ ಬೇರೆ ಯಾವುದಾದರೂ ಆವರಣದೊಳಗೋ ಮಾತ್ರ ಓಡಿಸಲೆಂದು ಮಾಡಿದ ವಿಶೇಷ ಬಗೆಯ ಗಾಡಿಯನ್ನು ಲೆಕ್ಕದಿಂದ ಬಿಟ್ಟಿದೆ. 'ತೋಟದ ಗಾಡಿ' ಅನ್ನುವ ಮಾತಿಗೆ ಇರುವ ಆಧಾರ ಅಷ್ಟೇ. 'ಮಾತ್ರ' ಅಂದರೆ ಮಾತ್ರ. ಗಣಿ ಕಂಪನಿಗಳು ತಮ್ಮ ಡಂಪರ್‌ಗಳಿಗೂ ಇದೇ ವಾದ ಹೂಡಿದ್ದವು. 1992ರಲ್ಲಿ ಸೆಂಟ್ರಲ್ ಕೋಲ್‌ಫೀಲ್ಡ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕಬ್ಬಿಣದ ಚೈನಿನ ಬದಲು ರಬ್ಬರ್ ಟಯರ್ ಹಾಕಿದ ಮೇಲೆ ಅದು ರಸ್ತೆಗೂ ಒಗ್ಗುವ ಗಾಡಿಯೇ, ಆಗಾಗ ರಸ್ತೆ ಬಿಟ್ಟು ಕೆಲಸ ಮಾಡಿದ ಮಾತ್ರಕ್ಕೆ ತಪ್ಪಿಸಿಕೊಳ್ಳಲು ಆಗದು ಅಂದಿತು.

"ಅಂಗಾರೆ ನನ್ನ ಹೊಲದಾಗೂ ಓಡುಸ್ಬಾರ್ದಾ?"

"ಬೇಲಿ ಒಳಗೆ ಓಡ್ಸಪ್ಪ, ಯಾರು ಬ್ಯಾಡ ಅಂತಾರೆ? ಬೇಲಿ ದಾಟಿದ ಮೇಲಿನ ಮಾತು ನಾನು ಹೇಳ್ತಿರೋದು."

ಬೆಳಿಗ್ಗೆ ಅವನ ಮಗ ಅದೇ ಗಾಡಿಯಲ್ಲಿ ಹಾಲಿನ ಕ್ಯಾನು ಇಟ್ಟುಕೊಂಡು ಡೈರಿಗೆ ಹೋಗಿದ್ದನ್ನು ಕಂಡಿದ್ದೆ. ಅದು ಬಂಡಿದಾರಿ, ಟಾರು ಕೂಡ ಇಲ್ಲ. ಆದರೆ ಟಾರು ಇದ್ದರೆ ಮಾತ್ರ ರಸ್ತೆ ಅಂತ ಕಾಯ್ದೆ ಹೇಳುವುದಿಲ್ಲ. ಸಾರ್ವಜನಿಕರಿಗೆ ಹೋಗಿಬರುವ ಹಕ್ಕಿರುವ ಯಾವ ಜಾಗವಾದರೂ ಸಾರ್ವಜನಿಕ ಸ್ಥಳವೇ. ಬಂಡಿದಾರಿ, ಕೆರೆ ಏರಿ, ಜಾತ್ರೆ ಮೈದಾನ, ಸಂತೆ ಬಯಲು ಎಲ್ಲವೂ ಬಂತು. ಅಷ್ಟೇ ಅಲ್ಲ, ನಮ್ಮ ಸರ್ವೆ ನಂಬರಿನೊಳಗೂ ಊರಿನ ಪಾಲು ಇರಬಹುದು. ಪಹಣಿಯ ಮೂರನೇ ಕಲಂ ತೆಗೆದು ನೋಡಿ: ಒಟ್ಟು ವಿಸ್ತೀರ್ಣದ ಕೆಳಗೆ ಎ ಖರಾಬು, ಬಿ ಖರಾಬು ಅಂತ ಎರಡು ಸಾಲು. ಎ ಅಂದರೆ ಬಂಡೆಯೋ ಕೊಟ್ಟಿಗೆಯೋ ಬಾವಿಯೋ ಇದ್ದು ಉಳುಮೆಗೆ ಬಾರದ ಜಾಗ. ಬಿ ಅಂದರೆ ದಾರಿ, ಹಳ್ಳ, ಕೆರೆ, ಸ್ಮಶಾನದಂತೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ. ಗ್ರಾಮನಕಾಶೆಯಲ್ಲಿ ಚುಕ್ಕಿಗೆರೆಯಾಗಿ ನಮ್ಮ ಹೊಲ ಸೀಳಿಕೊಂಡು ಹೋಗುವ ದಾರಿಯನ್ನು ನಾವು ಬೇಲಿ ಕಟ್ಟಿ ಮರೆತಿರಬಹುದು, ದಾಖಲೆ ಮರೆಯುವುದಿಲ್ಲ.

ಗಾಡಿಯ ಮಾತು ಇಷ್ಟಾದರೆ, ನನಗೆ ಸಂಕಟವಾಗಿದ್ದು ಆ ಹುಡುಗನ ವಿಷಯಕ್ಕೆ. ಇನ್ನೂ ಒಂಬತ್ತನೇ ಕ್ಲಾಸು. 2019ರ ತಿದ್ದುಪಡಿಯಲ್ಲಿ 199ಎ ಅಂತ ಹೊಸ ಕಲಂ ಸೇರಿದೆ. ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ತಪ್ಪಿತಸ್ಥರು ಪೋಷಕರು ಇಲ್ಲವೇ ಗಾಡಿಯ ಮಾಲೀಕರು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸೇ ಇಲ್ಲ. ಐ.ಟಿ.ಐ. ಮುಗಿಸಿ ಕೆಲಸಕ್ಕೆ ಹೊರಟ ಹುಡುಗ ಏಳೆಂಟು ವರ್ಷ ಬೈಕೂ ಮುಟ್ಟುವಂತಿಲ್ಲ ಅಂದರೆ ಅವನ ಗತಿಯೇನು? ಡೈರಿಗೆ ಹಾಲು ಹಾಕುವ ಕಾಲು ಗಂಟೆಗೆ ಇಷ್ಟು ದೊಡ್ಡ ಬೆಲೆ ತೆರಬೇಕೇ?

ಇನ್ನೊಂದನ್ನು ತಮ್ಮನ ಕೈ ಹಿಡಿದುಕೊಂಡೇ ಹೇಳಿದೆ. ನೋಂದಣಿ ಇಲ್ಲದ ಗಾಡಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಸಿಕ್ಕುವುದಿಲ್ಲ. ದಾರಿಯಲ್ಲಿ ಒಬ್ಬರಿಗೆ ಗುದ್ದಿ, ಕಾಲು ಹೋಯಿತೋ ಜೀವ ಹೋಯಿತೋ, ಪರಿಹಾರದ ಪೂರ್ತಿ ಮೊತ್ತ ಮಾಲೀಕನ ತಲೆ ಮೇಲೆ. ದುಡಿಯುವ ಗಂಡಸೋ ಹೆಂಗಸೋ ಸತ್ತರೆ ನ್ಯಾಯಮಂಡಳಿ ಅವರ ವಯಸ್ಸು, ಸಂಪಾದನೆ, ನಂಬಿಕೊಂಡವರು ಎಷ್ಟು ಜನ ಅಂತ ಲೆಕ್ಕ ಹಾಕುತ್ತದೆ. ಅದು ಲಕ್ಷಗಳಲ್ಲಿ ಬರುತ್ತದೆ. ಕೊಡದಿದ್ದರೆ ಜಮೀನು ಜಪ್ತಿಗೆ ಬರುತ್ತದೆ. ಇನ್ಶೂರೆನ್ಸ್ ಇಲ್ಲದ್ದಕ್ಕೆ ಹಾಕುವ ಎರಡು ಸಾವಿರದ ದಂಡ ನೋಡಿ ಇಷ್ಟೇನಾ ಅಂದುಕೊಳ್ಳುವವರಿಗೆ ಈ ಕಡೆಯ ಲೆಕ್ಕ ಕಾಣುವುದಿಲ್ಲ.

"ಆರ್‌ಟಿಓಗೆ ಹೋಗಿ ನಂಬರ್ ಹಾಕುಸ್ಕೊಂಡ್ ಬಂದ್ರೆ ಆಯ್ತಲ್ಲಣ್ಣ?"

ಎಲ್ಲ ಎ.ಟಿ.ವಿ.ಗೂ ನಮ್ಮ ಕೆಎ 16 ನಂಬರು ಸಿಗುವುದಿಲ್ಲ. ಆ ಮಾದರಿಗೆ ಕಂಪನಿಯವರು ಮೊದಲೇ ಸರ್ಕಾರದ ಪರೀಕ್ಷಾ ಸಂಸ್ಥೆಯಿಂದ ಒಪ್ಪಿಗೆ ಪಡೆದಿರಬೇಕು. ಪೊಲಾರಿಸ್ ಕಂಪನಿ 2019ರಲ್ಲಿ ತನ್ನ ಸ್ಪೋರ್ಟ್ಸ್‌ಮನ್ 570 ಗಾಡಿಯನ್ನು ಟ್ರ್ಯಾಕ್ಟರ್ ಲೆಕ್ಕದಲ್ಲಿ ಒಪ್ಪಿಗೆ ಮಾಡಿಸಿ, ರಸ್ತೆಗೂ ಇಳಿಸಬಹುದಾದ ಎ.ಟಿ.ವಿ. ಅಂತ ಇಲ್ಲಿ ಮಾರಾಟಕ್ಕೆ ತಂದಿತು. ದಾರಿ ಇದೆ ಅಂತಾಯಿತು. ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಇದಕ್ಕೆ ನೋಂದಣಿ ಆಗುತ್ತದೋ ಇಲ್ಲವೋ, ಕಾಗದದಲ್ಲಿ ಬರೆದುಕೊಡಿ. ಬಾಯಿಮಾತು ಸಾಲದು.

ಮಾತು ಗುಡ್ಡದ ಕಡೆಗೆ ತಿರುಗಿತು. ಶನಿವಾರ ಭಾನುವಾರ ದೂರದ ಊರಿನ ಜೀಪು, ಬೈಕುಗಳು ಗಾಳಿಯಂತ್ರಗಳಿಗೆಂದು ಕಡಿದ ಮಣ್ಣಿನ ದಾರಿ ಹಿಡಿದು ಮೇಲೆ ಹತ್ತುತ್ತವೆ. ಬಯಲು ಕಂಡರೆ ಸಾಕು, ಯಾರದ್ದೂ ಅಲ್ಲ ಅಂತ ಅವರು ತಿಳಿಯುತ್ತಾರೆ. ನಮ್ಮಲ್ಲಿ ಯಾರದ್ದೂ ಅಲ್ಲದ ನೆಲವೇ ಇಲ್ಲ. ನಮ್ಮ ಜಿಲ್ಲೆಯ ಎಷ್ಟೋ ಗಾಳಿಯಂತ್ರಗಳು ನಿಂತಿರುವುದೇ ಅರಣ್ಯದ ಜಮೀನಿನಲ್ಲಿ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಚಿತ್ರದುರ್ಗದ ಜೋಗಿಮಟ್ಟಿಯಂಥ ವನ್ಯಧಾಮಕ್ಕೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ, ಗಾಡಿ ಜಪ್ತಿ ಮಾಡುವ ಅಧಿಕಾರವೂ ಅದರಲ್ಲೇ ಇದೆ. ಪಕ್ಕದ ಕಡೂರು ಸೀಮೆಯ ಬಾಸೂರು ಅಮೃತಮಹಲ್ ಕಾವಲನ್ನು ನೋಡಿದರೆ ಬರೀ ಹುಲ್ಲು. ಆ ಹುಲ್ಲಿನಲ್ಲಿ ಕೃಷ್ಣಮೃಗ ಇರುವುದರಿಂದಲೇ 2011ರಲ್ಲಿ ಅದು ಸಂರಕ್ಷಿತ ಮೀಸಲಾಯಿತು.

ಖಾಸಗಿ ಜಾಗ ಅಂದಮಾತ್ರಕ್ಕೂ ಪಾರಾಗುವುದಿಲ್ಲ. 2022ರಲ್ಲಿ ಕೇರಳದ ವಾಗಮಣ್‌ನಲ್ಲಿ ಟೀ ಎಸ್ಟೇಟಿನೊಳಗೆ ಆಫ್‌ರೋಡ್ ಓಟ ನಡೆಸಿದ್ದಕ್ಕೆ ಅದರಲ್ಲಿ ಓಡಿಸಿದ ಸಿನಿಮಾ ನಟರೊಬ್ಬರಿಗೂ ಸಾರಿಗೆ ಇಲಾಖೆಯ ನೋಟಿಸ್ ಹೋಯಿತು. ಜಿಲ್ಲಾಧಿಕಾರಿ ಅಂಥ ಓಟಗಳನ್ನು ಮೊದಲೇ ನಿರ್ಬಂಧಿಸಿದ್ದರು.

ನನಗೆ ಎಲ್ಲಕ್ಕಿಂತ ಹತ್ತಿರದ್ದು ಗೋಮಾಳ. ನೂರು ರಾಸಿಗೆ ಮೂವತ್ತು ಎಕರೆ ಅಂತ ಭೂಕಂದಾಯ ನಿಯಮವೇ ಬಿಡಿಸಿಟ್ಟಿರುವ ನೆಲ ಅದು. ಒದ್ದೆ ನೆಲದಲ್ಲಿ ದಪ್ಪ ಟಯರು ಒಮ್ಮೆ ಸುತ್ತಿದರೆ ಹುಲ್ಲಿನ ಬೇರು ಮಣ್ಣಿನ ಸಮೇತ ಮಗುಚಿ ಬೀಳುತ್ತದೆ, ಮುಂದಿನ ಮಳೆಗೆ ಆ ಗೆರೆಯೇ ಕೊರಕಲು. ಕುರಿಯವರು ಎಲ್ಲಿಗೆ ಹೊಡೆದುಕೊಂಡು ಹೋಗಬೇಕು?

"ಗ್ರಾಮಸಭೇಲಿ ಇದನ್ನ ಎತ್ತಾಣ ಕಣಪ್ಪ," ಅಂದೆ. "ಗೋಮಾಳಕ್ಕೆ ಗಾಡಿ ನುಗ್ಗಿಸಬಾರದು ಅಂತ ಒಂದು ಬೋರ್ಡು, ದಾರಿ ಬಾಯಿಗೆ ಎರಡು ಕಲ್ಲು. ನಾನು ಅರ್ಜಿ ಬರೀತೀನಿ."

"ಬರಿ ಅಣ್ಣ, ಮೊದಲ ಸಹಿ ನಂದೇ ಇರ್ಲಿ" ಅಂದ.