ಬಂದ್ ಮಾಸ್ತರ್ರು

ಹಾನಗಲ್ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲ್ಲಿನಲ್ಲಿ ಮಿರ್ಚಿ ಬಾಣಲೆಗೆ ಬೀಳುವ ಹೊತ್ತಿಗೆ ಸರಿಯಾಗಿ ಮಾಸ್ತರ್ರು ಬಂದು ಮೂಲೆಯ ಬೆಂಚು ಹಿಡಿಯುತ್ತಾರೆ. ಅವರು ಕೂತರೆಂದರೆ ಯಾರಾದರೊಬ್ಬರು ಫೋನು ಚಾಚುತ್ತಾರೆ.

“ಮಾಸ್ತರ್ರ, ನನ್ ಫೋನಿನ್ಯಾಗ ಅದೇನೋ ಆರ್‌ಸಿಎಸ್ ಅಂತ...”

“ಬಂದ್ ಮಾಡು.”

“ಇನ್ನೂ ನಾ ಹೇಳಿಲ್ರೀ.”

“ಹೇಳೋದ್ರಾಗ ಏನೈತಿ? ಮೊದಲ ಬಂದ್ ಮಾಡು, ಆಮ್ಯಾಲ ಹೇಳು.”

ಅವರಿಗೊಂದು ಹೆಸರಿದೆ, ಪಿಂಚಣಿ ಪುಸ್ತಕದಲ್ಲಿ. ಊರ ಮಂದಿಗೆ ಅವರು ಬಂದ್ ಮಾಸ್ತರ್ರು. ಇಂಥವರು ಊರಿಗೊಬ್ಬರು ಇರುತ್ತಾರೆ. ಆದರೆ ಇವರ ವ್ಯಾಪ್ತಿ ದೊಡ್ಡದು. ನೌಕರಿಯಲ್ಲಿ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲ್ಲೂಕಿನ ನೀರು ಕುಡಿದವರು. ಹೀಗಾಗಿ ನಾಲ್ಕೂ ಕಡೆಯ ಶಿಷ್ಯರ ಫೋನುಗಳು ಇವರ ಕೈಕೆಳಗೇ ಇವೆ.

ಅಂಗಿಯ ಕಿಸೆಯಲ್ಲಿ ಎರಡು ಪೆನ್ನು, ಒಂದು ಕೀಪ್ಯಾಡ್ ಫೋನು, ಒಂದು ಸ್ಮಾರ್ಟ್ ಫೋನು. ಮನೆಯ ಕೀಲಿಯ ಗೊಂಚಲಲ್ಲಿ ಸಿಮ್ ಹೊರತೆಗೆಯುವ ಸೂಜಿ. ಬಂದ್ ಮಾಡುವ ಚಟ ಫೋನಿನಿಂದ ಹತ್ತಿದ್ದಲ್ಲ. ಸಾಲಿ ಬಿಡುವಾಗ ಮೇನ್ ಸ್ವಿಚ್ ಇಳಿಸಿ, ನಳದ ತಿರುಗಣಿ ಬಿಗಿದು, ಗೇಟಿನ ಬೀಗವನ್ನು ಮೂರು ಸಲ ಜಗ್ಗಿ ನೋಡಿಯೇ ಹೊರಡುತ್ತಿದ್ದವರು. ನಿವೃತ್ತಿಯಾದ ಮೇಲೆ ಬಂದ್ ಮಾಡಲು ಸಾಲಿ ಉಳಿಯಲಿಲ್ಲ. ಬ್ಲೂಟೂತ್, ಲೊಕೇಶನ್, ಅಪ್‌ಡೇಟ್‌ಗಳು ಸಿಕ್ಕವು.

ಅವರ ನಂಬಿಕೆಯೆಲ್ಲ ಹಳೆಯ ಎಸ್ಸೆಮ್ಮೆಸ್ಸಿನ ಮೇಲೆ. ಜಗತ್ತಿನ ಮೊದಲ ಎಸ್ಸೆಮ್ಮೆಸ್ಸು ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ. ನೀಲ್ ಪಾಪ್‌ವರ್ತ್ ಎಂಬ ಎಂಜಿನಿಯರ್ ಕಳಿಸಿದ ಕ್ರಿಸ್‌ಮಸ್ ಶುಭಾಶಯ. ಮಾಸ್ತರ್ರು ಇದನ್ನು ಸ್ವಾತಂತ್ರ್ಯ ದಿನದ ಭಾಷಣದ ಧಾಟಿಯಲ್ಲಿ ಹೇಳುತ್ತಾರೆ. ಇಂಗ್ಲಿಷಿನಲ್ಲಾದರೆ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ, ಕನ್ನಡದಲ್ಲಾದರೆ 70 ಮಾತ್ರ. ಆ 70ರಲ್ಲೂ ಒತ್ತು, ಕೊಂಬು, ದೀರ್ಘ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ.

ಪಾಠ ಮಾಡುವ ಹುಮ್ಮಸ್ಸು ಬಂದರೆ ಟೇಬಲ್ಲಿನ ಮೇಲೆ ಚೆಲ್ಲಿದ ಚಹಾದಲ್ಲೇ ಬೆರಳಿಂದ ಬರೆದು ತೋರಿಸುತ್ತಾರೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು: ಕಣ್ಣಿಗೆ 16 ಅಕ್ಷರ, ಯಂತ್ರಕ್ಕೆ 30. ನಡುವೆ ಮೂರು ಜಾಗ ಬಿಟ್ಟರೆ 33. “ನಾಕ್ ಊರ್ ಹೆಸರ್ ಬರದ್ರ ಹತ್ತತ್ರ ಅರ್ಧಾ ಮೆಸೇಜ್ ಖಾಲಿ! ನಮ್ಮ ಹಿರೇಕೆರೂರ ತಾಲ್ಲೂಕಿನ ಸರ್ವಜ್ಞ ಮೂರ ಸಾಲಿನ್ಯಾಗ ಲೋಕಾ ಹೇಳಿದ. ಅವನ ತ್ರಿಪದಿನೂ ಬಹಳಷ್ಟು ಎರಡ್ ಮೆಸೇಜ್ ಆಗ್ತಾವು.” ಇಷ್ಟು ಬಿಗಿ ಇರುವುದೇ ಎಸ್ಸೆಮ್ಮೆಸ್ಸಿನ ದೊಡ್ಡ ಗುಣ, ಮಂದಿ ಹಾಳು ಹರಟೆ ಹೊಡೆಯುವುದಿಲ್ಲ ಎಂಬುದು ಅವರ ವಾದ. ಆ ವಾದ ಮುಗಿಯಲು ಮುಕ್ಕಾಲು ತಾಸು ಹಿಡಿಯುತ್ತದೆ.

ಇಂಥವರ ಎದುರು ಬಂದು ನಿಂತದ್ದು ಆರ್‌ಸಿಎಸ್. ಬಿಡಿಸಿದರೆ ರಿಚ್ ಕಮ್ಯುನಿಕೇಷನ್ ಸರ್ವಿಸಸ್. “ಹೆಸರಿನ್ಯಾಗ ರಿಚ್ ಐತಿ. ಸಾಹುಕಾರ್ರದು. ನಿಮಗ್ಯಾಕ?” ಎಂದು ಅರ್ಧ ಹಾನಗಲ್ಲನ್ನು ಒಪ್ಪಿಸಿದರು. ಅಸಲಿಗೆ ಅದು ಎಸ್ಸೆಮ್ಮೆಸ್ಸಿಗೆ ವಾಟ್ಸ್ಆ್ಯಪಿನ ಅಂಗಿ ತೊಡಿಸಿದ ಹಾಗೆ. ಇರುವ ಮೆಸೇಜಸ್ ಆ್ಯಪಿನಲ್ಲೇ ದೊಡ್ಡ ಫೋಟೋ ಹೋಗುತ್ತದೆ, ಓದಿದರೆ ಗುರುತು ಬೀಳುತ್ತದೆ, ಆಚೆಯವರು ಬರೆಯುತ್ತಿದ್ದರೆ ಮೂರು ಚುಕ್ಕಿ ಕುಣಿಯುತ್ತವೆ. ಒಬ್ಬರಿಗೊಬ್ಬರು ಕಳಿಸುವ ಮಾತಿಗೆ ಗೂಗಲ್ 2021ರಲ್ಲಿ ಗೂಢಲಿಪಿಯ ಬೀಗವನ್ನೂ ಹಾಕಿತು. ಇದೆಲ್ಲ ನಡೆಯುವುದು ಮಾತ್ರ ನೆಟ್ಟಿನ ಮೇಲೆ. ನೆಟ್ ಇಲ್ಲದಲ್ಲಿ ಮೆಸೇಜು ಕೆಂಪು ಬಸ್ಸಿಗೆ ಕಾದವರಂತೆ ಸುಮ್ಮನೆ ನಿಂತುಕೊಳ್ಳುವುದೂ ಉಂಟು.

ಅವರ ಜೀವನದ ದಿಗ್ವಿಜಯ 2022ರದು. ಅಷ್ಟೊತ್ತಿಗೆ ಭಾರತದಲ್ಲಿ ಆರ್‌ಸಿಎಸ್ ದಾರಿ ಹಿಡಿದು ಸಾಲ, ವಿಮೆಯ ಜಾಹೀರಾತುಗಳು ಬಣ್ಣಬಣ್ಣದ ಚಿತ್ರ ಹೊತ್ತು ಬರತೊಡಗಿದ್ದವು. ಮಂದಿ ಬೊಬ್ಬೆ ಹೊಡೆದದ್ದಕ್ಕೆ ಗೂಗಲ್ ಆ ಸೌಲಭ್ಯವನ್ನು ದೇಶದಲ್ಲಿ ತಡೆಹಿಡಿಯಬೇಕಾಯಿತು. “ನಾ ಬಂದ್ ಮಾಡು ಅಂದಿದ್ದೆ, ಗೂಗಲ್ಲನೂ ಬಂದ್ ಮಾಡ್ತು” ಎಂದು ಮಾಸ್ತರ್ರು ಒಂದು ವಾರ ಎದೆಯುಬ್ಬಿಸಿಕೊಂಡೇ ತಿರುಗಿದರು. ಗೂಗಲ್ ತಮ್ಮ ಹಳೆಯ ವಿದ್ಯಾರ್ಥಿ ಎಂಬಷ್ಟು ಸಲಿಗೆ.

ಬಂದ್ ಮಾಡುವುದಕ್ಕೆ ಒಂದು ವಿಧಿಯಿದೆ. ಮೆಸೇಜಸ್ ತೆರೆ. ಮೇಲೆ ಬಲಕ್ಕೆ ಗುಂಡನೆಯ ಚಿತ್ರ ಒತ್ತು. ಸೆಟ್ಟಿಂಗ್ಸಿಗೆ ಹೋಗು. ಆರ್‌ಸಿಎಸ್ ಚಾಟ್ಸ್ ಎಂದಿರುತ್ತದೆ, ಅದರ ಗುಂಡಿ ಸರಿಸು. ಕೊನೆಯ ಹೆಜ್ಜೆಯಲ್ಲಿ ಮಾಸ್ತರ್ರು ಫೋನನ್ನು ತಾವೇ ಇಸಗೊಂಡು, ಕನ್ನಡಕ ಮೂಗಿನ ತುದಿಗಿಳಿಸಿ, ಬಲಗೈ ಹೆಬ್ಬೆರಳಿಂದ ಗುಂಡಿಯನ್ನು ಎಡಕ್ಕೆ ತಳ್ಳುತ್ತಾರೆ. ಆಗ ಅವರ ಮುಖದಲ್ಲಿ ಸಾಲಿಯ ಕಡೇ ಗಂಟೆ ಬಾರಿಸಿದ ತೃಪ್ತಿ.

ಪರಿಣಾಮ ಮಾತ್ರ ತಾಲ್ಲೂಕಿಗೊಂದು ಥರ. ಸವಣೂರಿನ ವೀಳ್ಯದೆಲೆ ವ್ಯಾಪಾರಿ ಎಲೆಯ ಫೋಟೋ ಕಳಿಸಿದರೆ ಆಚೆಯವರು ನರ ಎಣಿಸಿ ದರ ಹೇಳುತ್ತಿದ್ದರು. ಬಂದ್ ಮಾಡಿದ ಮೇಲೆ ಅದೇ ಫೋಟೋ ಎಮ್ಮೆಮ್ಮೆಸ್ಸಾಗಿ, ಮಸುಕಾಗಿ ಹೋಯಿತು. “ಕೊತ್ತಂಬರಿ ವ್ಯಾಪಾರ ಯಾವಾಗ ಚಾಲೂ ಮಾಡಿದ್ರಿ?” ಎಂದು ಉತ್ತರ ಬಂತು. ವ್ಯಾಪಾರಿ ಒಂದು ಪೊಟ್ಟಣ ಸವಣೂರು ಖಾರ ತಂದು ಮಾಸ್ತರ್ರ ಮುಂದಿಟ್ಟು, “ಇದನ್ನ ತಿನ್ರಿ, ಅದನ್ನ ಚಾಲೂ ಮಾಡಿ ಕೊಡ್ರಿ” ಎಂದ. ಮಾಸ್ತರ್ರು ಖಾರ ತಿಂದರು.

ಶಿಗ್ಗಾವಿ ತಾಲ್ಲೂಕಿನ ಬಾಡದ ಕಡೆಯ ಶಿಷ್ಯನ ಕಥೆಯಲ್ಲಿ ಮಾಸ್ತರ್ರ ಮಾತೇ ಗೆದ್ದಿತು. ಅವನು ಸ್ಮಾರ್ಟ್ ಫೋನು ಸಾಕೆಂದು ತಮ್ಮನಿಗೆ ಕೊಟ್ಟು, ಸಿಮ್ಮನ್ನು ಕೀಪ್ಯಾಡ್ ಫೋನಿಗೆ ಹಾಕಿಕೊಂಡಿದ್ದ. ಆರ್‌ಸಿಎಸ್ ಬಂದ್ ಮಾಡದೆ ಸಿಮ್ ಕಿತ್ತಿದ್ದೇ ತಪ್ಪು. ಕೆಲವು ದಿನ ಅವನಿಗೆ ಬರಬೇಕಾದ ಮೆಸೇಜುಗಳು ಹಳೇ ಮನೆಯ ವಿಳಾಸ ಹಿಡಿದುಕೊಂಡೇ ಅಲೆದವು. ಮಾಸ್ತರ್ರು ಇದಕ್ಕೆಂದೇ ಗೂಗಲ್ ಇಟ್ಟಿರುವ ಪುಟ ತೆರೆದು, ನಂಬರ್ ಕೊಟ್ಟು, ಕೀಪ್ಯಾಡ್ ಫೋನಿಗೆ ಎಸ್ಸೆಮ್ಮೆಸ್ಸಿನಲ್ಲಿ ಬಂದ ಆರಂಕಿಯ ಗುಪ್ತಸಂಖ್ಯೆ ಒತ್ತಿ ಬಿಡುಗಡೆ ಮಾಡಿಸಿದರು. ಅಂದಿನಿಂದ ಆ ಮನೆಯಲ್ಲಿ ಟಿವಿಯ ರಿಮೋಟ್ ಕೆಟ್ಟರೂ ಇವರಿಗೇ ಫೋನು.

ಹಿರೇಕೆರೂರಿನ ಗೋವಿನಜೋಳದ ರೈತರಿಗೆ ಅವರು ಕಲಿಸಿದ್ದು ಮೆಸೇಜಿನ ಬಾಲ ನೋಡುವುದನ್ನು. 2025ರಿಂದ ಕಂಪನಿ, ಕಚೇರಿಗಳ ಎಸ್ಸೆಮ್ಮೆಸ್ಸಿನ ಹೆಸರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಬರುತ್ತದೆ: ‘ಪಿ’ ಇದ್ದರೆ ಜಾಹೀರಾತು, ‘ಎಸ್’ ಇದ್ದರೆ ಸೇವೆಯ ಸಂದೇಶ, ‘ಟಿ’ ಇದ್ದರೆ ವ್ಯವಹಾರದ್ದು, ‘ಜಿ’ ಇದ್ದರೆ ಸರಕಾರದ್ದು. “ಪಿ ಅಂದ್ರ ಪೀಡಾ, ಅಳಿಸು. ಟಿ ಅಂದ್ರ ರೊಕ್ಕ, ಓದು. ಜಿ ಬಂದ್ರ?” ಎಂದು ಪ್ರಶ್ನೆ ಹಾಕಿದರೆ, ಹಿಂದಿನ ಸಾಲಿನವನೊಬ್ಬ “ಜೀ ಅನ್ನೋದ್ರೀ” ಎಂದ. ಅವನಿಗೆ ಚಹಾ ಸಿಕ್ಕಿತು.

ಹೀಗೆ ನಾಲ್ಕು ತಾಲ್ಲೂಕಿನ ಗುಂಡಿಗಳನ್ನು ಎಡಕ್ಕೆ ಸರಿಸಿದ ಮಾಸ್ತರ್ರ ಸ್ವಂತ ಫೋನಿನ ಗುಟ್ಟು ಹೊರಬಿದ್ದದ್ದು ಹೋಟೆಲ್ಲಿನ ಹುಡುಗನಿಂದ. ಬೆನ್ನ ಹಿಂದೆ ಲೋಟ ಎತ್ತುವಾಗ ಇಣುಕಿದ.

“ಮಾಸ್ತರ್ರ, ನಿಮ್ದು ಆರ್‌ಸಿಎಸ್ ಚಾಲೂ ಐತಲ್ರೀ!”

“ಪರೀಕ್ಷಾಕ್ಕ ಇಟ್ಟೀನಿ.”

ಪರೀಕ್ಷೆ ಯಾರಿಗೆಂಬುದು ಹೋಟೆಲ್ಲಿಗೆ ತಿಳಿಯಲು ಬಹಳ ದಿನ ಹಿಡಿಯಲಿಲ್ಲ. ವಾಟ್ಸ್ಆ್ಯಪಿಗೆ ಓದಿದ್ದನ್ನು ತೋರಿಸುವ ನೀಲಿ ಗುರುತು ಬಂದದ್ದು 2014ರಲ್ಲಿ. ಆಗ ಬೆಂಗಳೂರಿನ ಮಗನಿಗೆ ಅದನ್ನು ಬಂದ್ ಮಾಡಲು ಕಲಿಸಿದವರು ಮಾಸ್ತರ್ರೇ. ತಮ್ಮದನ್ನೂ ಬಂದ್ ಮಾಡಿಕೊಂಡರು. ಮಗ ಮೆಸೇಜು ಓದಿದನೋ ಇಲ್ಲವೋ ಅಂದಿನಿಂದ ಅವರಿಗೆ ಕಂಡಿಲ್ಲ. ಆರ್‌ಸಿಎಸ್ ಬಂದ ಮೇಲೆ ಕಾಣತೊಡಗಿತು. ಮಗನ ಫೋನಿನಲ್ಲಿ ಅದು ತಾನಾಗಿ ಚಾಲೂ ಆಗಿದೆ. ಅವನು ನೋಡಿಲ್ಲ, ಅಪ್ಪ ಹೇಳಿಲ್ಲ.

ಈಗ ದಿನಾ ಸಂಜೆ ಮಿರ್ಚಿಯ ಹೊತ್ತಿಗೆ ಒಂದು ಮೆಸೇಜು ಹೋಗುತ್ತದೆ. ‘ಊಟ ಆತೇನಪಾ.’ ಓದಿದ ಗುರುತು ಬೀಳುತ್ತದೆ. ಮೂರು ಚುಕ್ಕಿ ಏಳುತ್ತವೆ, ಕುಣಿಯುತ್ತವೆ, ಅಡಗುತ್ತವೆ, ಮತ್ತೆ ಏಳುತ್ತವೆ. ಶಿರಸಿ ಬಸ್ಸು ಬಂದು ಹೋಗುತ್ತದೆ. ಚಹಾಕ್ಕೆ ಕೆನೆ ಕಟ್ಟುತ್ತದೆ.

“ಮಾಸ್ತರ್ರ,” ಎದುರಿಗೊಬ್ಬ ಫೋನು ಚಾಚುತ್ತಾನೆ, “ಇದರಾಗ ಮೂರ್ ಚುಕ್ಕಿ ಕುಣ್ಯಾಕತ್ತಾವ್ರೀ, ಏನದು?”

ಮಾಸ್ತರ್ರು ತಮ್ಮ ಫೋನನ್ನು ಬೋರಲು ಹಾಕುತ್ತಾರೆ.

“ವೈರಸ್. ಬಂದ್ ಮಾಡು.”